ಚಿತ್ರದ ಮನೆಗೆ ಬಂದ ತೊಟ್ಟಿಲು

ರೂಪಶ್ರೀಗೆ ಯಾರ ಮನೆಯ ಜಗಲಿಯಾದರೂ ತನ್ನ ಮನೆಯ ಜಗಲಿಯೇ. ಗಾವಡಗೆರೆ ಹೋಬಳಿಯ ಆ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲೂ ಅಷ್ಟೆ, ನೀರಿಗೆ ಹೋದವಳು ಅರ್ಧ ಬೀದಿಯ ಕಷ್ಟಸುಖ ಕೇಳಿಕೊಂಡು ಬರುತ್ತಿದ್ದಳು.

"ಒಂದು ಕೊಡ ತುಂಬೋಕೆ ಇಷ್ಟೊತ್ತಾ? ಬಾವಿ ತೋಡ್ಕಂಡು ಬಂದ್ಯಾ?" ಎಂದು ಅತ್ತೆ ಮಾಯಮ್ಮ ಕೇಳಿದರೆ, "ಇಲ್ಲ ಕಣತ್ತೆ, ನೀರು ಬಿರ್ನೆ ಬಂತು, ಮಾತು ನಿಧಾನಕ್ಕೆ ಬಂತು" ಎನ್ನುವಳು.

ಮಾಯಮ್ಮ ಬೈಯುತ್ತಲೇ ನಗುವಳು. ಸೊಸೆಯ ಬಾಯಿ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ ಎಂಬ ಒಣಗಿಸುವ ಮನೆಯ ಮುಂದೆ ಕುಳಿತು ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರೆಲ್ಲ ರೂಪಶ್ರೀಯ ಪಕ್ಕದ ಜಾಗಕ್ಕೇ ಕಾದಾಡುತ್ತಿದ್ದರು. ಅವಳ ಜೊತೆ ಕೂತರೆ ಬೆರಳಿಗೆ ಅಂಟಿದ ಸೊಪ್ಪಿನ ಜಿಗುಟೂ ಮರೆತುಹೋಗುತ್ತಿತ್ತು. ಆಮೇಲೆ ಹೆಂಗಸರ ಸಂಘ ಬಂತು, ಸಂಘದ ಮಾತಾಡಲು ಇವಳನ್ನೇ ಮುಂದೆ ಮಾಡಿದರು. ಗಂಡ ಶಶಿಕುಮಾರ್ ಗೂಡ್ಸ್ ಆಟೊ ಓಡಿಸುವವನು. "ನಂದು ನಾಲ್ಕು ಊರು ಸುತ್ತೋ ಗಾಡಿ, ನಂದಕ್ಕಿಂತ ಇವಳ ಬಾಯೇ ಜಾಸ್ತಿ ಓಡ್ತದೆ" ಎಂದು ಗೆಳೆಯರಲ್ಲಿ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಹುಣಸೂರಿನಲ್ಲಿ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಹಳೆಯ ಮರದ ಮಿಲ್ಲೊಂದಿತ್ತು. ಯಂತ್ರ ನಿಂತು ಬಹಳ ಕಾಲವಾಗಿತ್ತು. ಅದರ ಒಡೆಯರು ಆ ಜಾಗವನ್ನು ಚಿತ್ರಗಳಿಗೆ ಬಿಟ್ಟುಕೊಟ್ಟರು. ಗೋಡೆಗೆ ಸುಣ್ಣ ಬಳಿದು, ಹೆಂಚು ಕೈಯಾಡಿಸಿ, ಒಳಗೆಲ್ಲ ದೀಪ ಇಳಿಬಿಟ್ಟು ಅದನ್ನು ಕಲಾ ಮ್ಯೂಸಿಯಂ ಮಾಡಿದರು. ಊರವರ ಬಾಯಲ್ಲಿ ಮಾತ್ರ ಅದು ಚಿತ್ರದ ಮನೆ. ನೋಡಿಕೊಳ್ಳಲು ಬಂದವನು ಯತೀಶ್, ಕೆ.ಆರ್. ನಗರದ ಕಡೆಯವನು, ತಾನೂ ಚಿತ್ರ ಬರೆಯುವವನು. ಬಾಗಿಲು ತೆರೆದು ಎರಡು ವರ್ಷವಾದರೂ ಒಳಗೆ ಬಂದವರು ಮೇಷ್ಟರು ಸಾಲಾಗಿ ನಿಲ್ಲಿಸಿ ಕರೆತಂದ ಶಾಲೆ ಮಕ್ಕಳು ಮಾತ್ರ. ಸಂತೆಗೆ ಬಂದ ರೈತರು ಗೇಟಿನವರೆಗೆ ಬಂದು, ಒಳಗಿನ ನುಣ್ಣನೆ ನೆಲ ನೋಡಿ, ತಮ್ಮ ಕಾಲಿನ ಮಣ್ಣು ನೋಡಿಕೊಂಡು ಹಿಂದಕ್ಕೆ ಹೋಗುತ್ತಿದ್ದರು.

ಆಗಲೇ ಯಾರೋ ಯತೀಶನಿಗೆ ರೂಪಶ್ರೀಯ ಹೆಸರು ಹೇಳಿದ್ದು. "ನಿಮಗೆ ಕೆಲಸ ಇಷ್ಟೇ ಮೇಡಂ" ಎಂದ ಅವನು. "ಸುತ್ತಿನ ಊರುಗಳಿಗೂ ಈ ಮನೆಗೂ ಹೋಗಿಬರೋ ನಂಟು ಬೆಳೆಯಬೇಕು. ಹೇಗೆ ಅಂತ ನನಗೂ ಗೊತ್ತಿಲ್ಲ."

"ನಂಟು ಬೆಳೆಸೋದು ಕಷ್ಟ ಇಲ್ಲ ಸಾರ್" ಎಂದಳು ರೂಪಶ್ರೀ. "ಮೊದ್ಲು ನಾವು ಅವರ ಮನೆಗೆ ಹೋಗಬೇಕು. ಹೋಗಿ ಏನಾದ್ರೂ ಕೇಳಬೇಕು. ಕೇಳಿಸ್ಕೊಂಡೋರು ತಾನಾಗೇ ಬತ್ತಾರೆ."

ಹಾಗೆ ಶುರುವಾಯಿತು 'ಮನೆಯೊಳಗಿನ ಕಲೆ' ಎಂಬ ಪ್ರದರ್ಶನದ ಓಡಾಟ. ರೂಪಶ್ರೀ ಸ್ಕೂಟಿ ಹತ್ತಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲ ಸುತ್ತಿದಳು. ಹೂ ಕೆತ್ತಿದ ಸೇರು, ಅಂಚಿಗೆ ಬಣ್ಣದ ನೂಲು ಸುತ್ತಿದ ಮೊರ, ಹಿಡಿಯಲ್ಲಿ ಗಿಣಿ ಕೂತ ಈಳಿಗೆಮಣೆ, ಹೀಗೆ ಅಟ್ಟದ ಮೇಲೆ ಮಲಗಿದ್ದವೆಲ್ಲ ಒಂದೊಂದಾಗಿ ಕೆಳಗಿಳಿದವು. "ನಮ್ಮ ಅಜ್ಜಿ ಸೇರಿಗೂ ಒಂದು ಕಾಲ ಬಂತಲ್ಲಾ!" ಎಂದು ಜನ ನಗುತ್ತಲೇ ಕೊಟ್ಟರು.

ಎಲ್ಲದರಲ್ಲೂ ಚೆಂದದ್ದು ಸಿಕ್ಕಿದ್ದು ಅಂತರಸಂತೆಯಲ್ಲಿ. ಅಲ್ಲಿ ಮರಮ್ಮ ಎಂಬ ಮುದುಕಿ. ಅವಳ ಮನೆಯಿದ್ದದ್ದು ಊರಿನ ಕೊನೆಯ ಬೀದಿಯಲ್ಲಿ, ಹಿಂದಿನವರು ನೀರು ಮುಟ್ಟಿಸಿಕೊಳ್ಳದೆ ದೂರವಿಟ್ಟ ಬೀದಿ ಅದು. ಆ ಮನೆಯಲ್ಲಿ ಹಲಸಿನ ಮರದ ತೊಟ್ಟಿಲೊಂದಿತ್ತು. ನಾಲ್ಕು ಮೂಲೆಗೂ ನವಿಲು, ಅಂಚಿನುದ್ದಕ್ಕೂ ಹುರುಳಿಕಾಯಿಯಂಥ ಬಳ್ಳಿ. ಕೈಯ ಎಣ್ಣೆ ಮೆತ್ತಿ ಮೆತ್ತಿ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಅದು ಒಂದು ಮನೆಯ ತೊಟ್ಟಿಲಲ್ಲ, ಬೀದಿಯ ತೊಟ್ಟಿಲು. ಯಾರ ಮನೆಯಲ್ಲಿ ಹೆರಿಗೆಯಾದರೂ ಅಲ್ಲಿಗೆ ಹೋಗುವುದು, ಕೂಸು ನಡೆಯುವಂತಾದಾಗ ಮರಮ್ಮನ ಮನೆಗೆ ಮರಳುವುದು.

ಮರಮ್ಮ ತಕ್ಷಣ ಒಪ್ಪಲಿಲ್ಲ. ಮೊಮ್ಮಗನ ಹೆಂಡತಿ ಗೌತಮಿ ಬಸುರಿ. ಹೋದ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು, ಈಗಿನದಕ್ಕೆ ಇನ್ನೂ ಎರಡು ತಿಂಗಳು ಬಾಕಿ.

"ಹೆರಿಗೆಗೆ ಮುಂಚೆ ಬಂದ್ಬುಡಬೇಕು ಅವ್ವಾರೆ" ಎಂದಳು.

"ನಾನೇ ತಂದು ಕೊಡ್ತೀನಿ ಕಣಜ್ಜಿ. ನನ್ನ ಮನೆ ತೊಟ್ಟಿಲು ಅನ್ಕೊಂಡು ನೋಡ್ಕಂತೀನಿ" ಎಂದಳು ರೂಪಶ್ರೀ.

ತೊಟ್ಟಿಲೊಳಗೆ ಮಡಿಸಿಟ್ಟಿದ್ದ ಹಳೇ ಸೀರೆ, ಬಟ್ಟಲಲ್ಲಿದ್ದ ರಾಗಿ ಎರಡನ್ನೂ ಮರಮ್ಮ ಎತ್ತಿಕೊಂಡಳು. ಅವು ಯಾಕಿದ್ದವು ಎಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಬರಿ ತೊಟ್ಟಿಲು ತೂಗಬಾರದು ಎಂಬುದು ಒಬ್ಬ ಹೆಂಗಸಿಗೆ ಇನ್ನೊಬ್ಬ ಹೆಂಗಸು ಹೇಳಿಕೊಡುವ ಮಾತೇ? ತೂಗಿದರೆ ಮುಂದೆ ಮಲಗುವ ಕೂಸಿಗೆ ಕೇಡು ಎಂಬುದನ್ನು ಲಂಗ ಹಾಕುವ ಹುಡುಗಿಯರೂ ಬಲ್ಲರು. ರೂಪಶ್ರೀಯೂ ಬಲ್ಲಳು. ಅವಳ ಮನೆಯಲ್ಲೇ ಮೈದುನ ಸಾಗರನ ಕೂಸು ಚಿನ್ನು ಇದ್ದ, ಮೂರು ತಿಂಗಳವನು. ಅವನನ್ನು ಎತ್ತಿಕೊಂಡ ಮೇಲೆ ತೊಟ್ಟಿಲು ತಾನಾಗಿ ಅಲ್ಲಾಡುತ್ತಿದ್ದರೂ ರೂಪಶ್ರೀ ಕೈ ಚಾಚಿ ನಿಲ್ಲಿಸುತ್ತಿದ್ದಳು.

ಆದರೂ ತಪ್ಪು ನಡೆದುಹೋಯಿತು. ತಪ್ಪು ಅವಳದೇ.

ಜನ ಮ್ಯೂಸಿಯಮ್ಮಿಗೆ ಹೆದರುವುದು 'ಮುಟ್ಟಬೇಡಿ' ಎಂಬ ಬೋರ್ಡಿಗೆ ಎಂದು ಅವಳಿಗೆ ಅನ್ನಿಸಿತ್ತು. ಅದಕ್ಕೇ ಯತೀಶನಿಗೆ ಹೇಳಿ ಒಂದೊಂದರ ಪಕ್ಕಕ್ಕೂ 'ಮುಟ್ಟಿ ನೋಡಿ' ಎಂದು ಬರೆಸಿದಳು. ಬೀಸುಕಲ್ಲು ತಿರುಗಿಸಿ ನೋಡಿ, ಮೊರ ಹಿಡಿದು ಕೇರಿ ನೋಡಿ, ತೊಟ್ಟಿಲು ತೂಗಿ ನೋಡಿ. ಬರೆಸುವಾಗ ಅವಳ ತಲೆಗೆ ಏನೂ ತಟ್ಟಲಿಲ್ಲ. ಮನೆಯ ತೊಲೆಯಲ್ಲಿದ್ದರೆ ಅದು ತೊಟ್ಟಿಲು. ಇಲ್ಲಿ ಬಿಳಿ ಗೋಡೆಯ ಮುಂದೆ, ಮೇಲಿಂದ ದೀಪ ಬಿದ್ದು, ನವಿಲಿನ ನೆರಳು ಗೋಡೆಯ ಮೇಲೆ ಆಡುವಾಗ ಅದು ಬೇರೆಯೇ ಏನೋ ಆಗಿ ಕಂಡಿತ್ತು.

ಪ್ರದರ್ಶನದ ಮೊದಲ ದಿನ ಮರಮ್ಮ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಟೆಂಪೊದಲ್ಲಿ ಬಂದಳು. ಗೌತಮಿಯೂ ಬಂದಳು, ಹೊಸ ಬಳೆ ತೊಟ್ಟು. ಗೇಟಿನಲ್ಲಿ ರೂಪಶ್ರೀ ಎಲ್ಲರಿಗೂ ಮಲ್ಲಿಗೆ ಕೊಟ್ಟು ಒಳಗೆ ಕರೆತಂದಳು. ಬಾಗಿಲು ದಾಟುತ್ತಿದ್ದ ಹಾಗೆಯೇ ಕಿರ್ ಕಿರ್ ಎಂಬ ಸದ್ದು ಕೇಳಿತು. ಶಾಲೆಯ ಐಕ್ಳು ತೊಟ್ಟಿಲ ಸುತ್ತ ನಿಂತು ಸರದಿಯ ಮೇಲೆ ತೂಗುತ್ತಿದ್ದವು. ಯಾರು ತೂಗಿದರೆ ಹೆಚ್ಚು ಮೇಲಕ್ಕೆ ಹೋಗುತ್ತದೆಂದು ಪಂದ್ಯ. ಒಳಗೆ ಏನೂ ಇರಲಿಲ್ಲ.

ಮರಮ್ಮ ಕೂಗಾಡಲಿಲ್ಲ. ನಡೆದು ಹೋಗಿ ಎರಡೂ ಕೈಯಿಂದ ತೊಟ್ಟಿಲನ್ನು ಅದುಮಿ ನಿಲ್ಲಿಸಿದಳು.

"ಯಾರವ್ವಾ ತೂಗು ಅಂದದ್ದು?"

"ಬೋರ್ಡಲ್ಲಿ ಬರ್ದವ್ರೆ ಅಜ್ಜಿ" ಎಂದಿತು ಒಂದು ಹುಡುಗಿ.

ಗೌತಮಿ ಸೆರಗೆಳೆದು ಹೊಟ್ಟೆ ಮುಚ್ಚಿಕೊಂಡಳು. ರೂಪಶ್ರೀಗೆ ಆಗ ತಟ್ಟಿತು. ಎಲ್ಲರ ಜಗಲಿಯಲ್ಲೂ ಮಾತಿಗೆ ಕೊರತೆಯಿಲ್ಲದವಳಿಗೆ ಅಂದು ಒಂದು ಮಾತೂ ಬರಲಿಲ್ಲ. ಹೆಂಗಸರು ಅವಳು ಮಾಡಿಸಿದ್ದ ಮಜ್ಜಿಗೆಯನ್ನು ಮುಟ್ಟದೆ ಟೆಂಪೊ ಹತ್ತಿದರು. ತೊಟ್ಟಿಲನ್ನೂ ಅಲ್ಲೇ ಬಿಟ್ಟು ಹೋದರು. ಕೇಡು ಹೊತ್ತ ವಸ್ತುವನ್ನು ಬಸುರಿಯ ಜೊತೆ ಒಂದೇ ಗಾಡಿಯಲ್ಲಿ ಹೇಗೆ ಒಯ್ಯುತ್ತಾರೆ?

ಮಾರನೆಯ ದಿನ ರೂಪಶ್ರೀ ಅಂತರಸಂತೆಗೆ ಹೋದಳು. ಬೀದಿಯಲ್ಲಿ ಯಾರೂ 'ಬಾ' ಎನ್ನಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ಮರಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಅಜ್ಜಿ, ತಪ್ಪಾಯ್ತು. ಏನು ಮಾಡು ಅಂದ್ರೂ ಮಾಡ್ತೀನಿ."

"ದಂಡ ಹಾಕೋಕೆ ನಾನೇನು ಪಂಚಾಯ್ತಿನಾ?" ಎಂದಳು ಮರಮ್ಮ ತಲೆಯೆತ್ತದೆ. "ನಿಮ್ಮೇಲೆ ಸಿಟ್ಟಿಲ್ಲ ಅವ್ವಾರೆ. ಭಯ. ಆ ಹುಡುಗಿ ನೆನ್ನೆಯಿಂದ ಸರಿಯಾಗಿ ಉಂಡಿಲ್ಲ. ಹೊಟ್ಟೆ ಮೇಲೆ ಕೈ ಮಡಿಕ್ಕಂಡು ಕುಂತದೆ, ಒಳಗಿರೋದು ಆಡ್ತಾ ಅದೋ ಇಲ್ವೋ ಅಂತ."

ಒಳಗಿನ ಕತ್ತಲಲ್ಲಿ ಗೌತಮಿಯ ಬಳೆ ಸದ್ದು ಮಾಡಿತು. ಇದೆಲ್ಲ ಸುಳ್ಳು ಎಂದು ಹೇಳಿಬಿಡಬಹುದಿತ್ತು, ಆದರೆ ಅವಳಿಗೇ ಆ ಧೈರ್ಯವಿರಲಿಲ್ಲ. ಆ ಕೂಸಿಗೆ ಏನಾದರೂ ಆದರೆ, ಲೋಕ ಏನೇ ಹೇಳಲಿ, ತನ್ನ ಕೈಯೇ ತೂಗಿದ ಹಾಗೆ.

ಸೊಪ್ಪೆಲ್ಲ ಬಿಡಿಸಿ ಮುಗಿದ ಮೇಲೆ ಮರಮ್ಮ ಕಡ್ಡಿಗಳನ್ನು ಮೇಕೆಯ ಕಡೆ ಎಸೆದು ಮಾತಾಡಿದಳು. "ನಮ್ಮವ್ವ ಯೋಳ್ತಿದ್ಲು. ಬರಿದು ತೂಗಿದ ತೊಟ್ಟಿಲು ಹಸಿದಿರ್ತದಂತೆ, ಕೂಸಿಗೆ. ಅದರ ಹಸಿವು ತೀರೋಗಂಟ ಬೇರೆಬೇರೆ ಒಲೆಯ ಕೂಸುಗಳ್ನ ಮಲಗ್ಸಬೇಕು. ಅವ್ವ-ಅಪ್ಪ ಅರಿತೂ ಅರಿತೂ ಮಲಗ್ಸಬೇಕು, ಕದ್ದು ಅಲ್ಲ. ನಮ್ಮ ಬೀದಿಲಿ ಈಗ ಎಳೆಗೂಸಿಲ್ಲ."

"ಎಷ್ಟು ಕೂಸು ಅಜ್ಜಿ?"

"ಎಣ್ಸೋಕೆ ಅದೇನು ಮೊಟ್ಟೇನಾ? ನನ್ನೆದೆ ಸಾಕು ಅನ್ನಬೇಕು, ಅಷ್ಟೆ."

ಯತೀಶನ ಮುಂದೆ ಇದನ್ನು ಹೇಗೆ ಹೇಳುವುದೆಂದು ರೂಪಶ್ರೀ ದಾರಿಯುದ್ದಕ್ಕೂ ಚಿಂತಿಸಿದಳು. ಅವಳು ಬರುವ ಹೊತ್ತಿಗೆ ಅವನೇ ಸ್ಟೂಲು ಹತ್ತಿ ಬೋರ್ಡು ಕೀಳುತ್ತಿದ್ದ. ಎಲ್ಲ ಕೇಳಿ ಸ್ಟೂಲಿನಿಂದ ಇಳಿದ.

"ನಂಬಿಕೆನಾ, ಮೂಢನಂಬಿಕೆನಾ ಅಂತ ನಾನು ಕೇಳಲ್ಲ ಮೇಡಂ" ಎಂದ. "ಅವರು ನಂಬಿ ಕೊಟ್ಟರು, ನಾವು ನೋಡಿಕೊಳ್ಳಲಿಲ್ಲ. ಆದರೆ ಹಳೇ ಮರ, ಹಳೇ ಹಗ್ಗ. ಮಗು ಬಿದ್ದರೆ?"

ಹುಚ್ಚಯ್ಯ ಎಂಬ ಬಡಗಿಯನ್ನು ಕರೆಸಿದರು. ಅವನು ಬುಡ ತಟ್ಟಿ ನೋಡಿದ, ಮೂಲೆ ಎಳೆದು ನೋಡಿದ, ಕೊನೆಗೆ ಹೊಸ ಹಗ್ಗ ಕಟ್ಟಿ ತಾನೇ ಅರ್ಧ ಮೈ ಭಾರ ಹಾಕಿ ತೂಗಾಡಿದ. "ಇದುಕ್ಕೆ ನನ್ನಂಥ ಕೂಸು ಮಲಗಿದ್ರೂ ಏನಾಗಲ್ಲ, ಹೊದಿಕೆ ಮಾತ್ರ ಸಾಲಲ್ಲ" ಎಂದ. ಭಾನುವಾರದ ಬೆಳಗನ್ನು ತಾಯಂದಿರಿಗೇ ಬಿಡುವುದೆಂದು ಯತೀಶ್ ಹೇಳಿದ. ಅಲ್ಲಿಯವರೆಗೆ ಮರಮ್ಮನ ಹಾಗೆಯೇ ತೊಟ್ಟಿಲೊಳಗೆ ಸೀರೆಯೊಂದನ್ನು ಮಡಿಸಿಟ್ಟರು.

ಕೂಸು ಕೇಳಲು ಹೊರಟ ಮೇಲೆ ತಿಳಿಯಿತು, ಅಟ್ಟದ ಸೇರು ಕೇಳುವುದಕ್ಕೂ ತೊಡೆಯ ಮೇಲಿನ ಕೂಸು ಕೇಳುವುದಕ್ಕೂ ಎಷ್ಟು ವ್ಯತ್ಯಾಸವೆಂದು.

"ಇರೋ ವಿಚಾರ ಯಾಕೆ ಬಿಚ್ಚಿಡ್ತೀಯ?" ಎಂದಳು ಅತ್ತೆ ಮಾಯಮ್ಮ. "ಕೂಸಿಗೆ ಒಳ್ಳೇದಾಗೋ ತೊಟ್ಟಿಲು ಅನ್ನು. ಸಾಲುಗಟ್ಟಿ ಬತ್ತಾರೆ."

"ಅರಿತು ಮಲಗ್ಸಬೇಕು ಅಂದವ್ರೆ ಅತ್ತೆ. ಸುಳ್ಳು ಹೇಳಿ ಕರ್ಕೊಂಡು ಬಂದ್ರೆ ಇನ್ನೊಂದು ತಪ್ಪು."

ನಿಜ ಹೇಳಿದಳು, ಬಾಗಿಲುಗಳು ಮುಚ್ಚಿದವು. ಪಿರಿಯಾಪಟ್ಟಣದ ಹತ್ತಿರ ಒಬ್ಬಳು ಕೂಸನ್ನು ಎದೆಗವುಚಿಕೊಂಡು ಒಳಗೇ ಹೋದಳು. ಕೆ.ಆರ್. ನಗರದ ಕಡೆಯ ಊರಿನಲ್ಲಿ ಅಜ್ಜಿಯೊಬ್ಬಳು, "ಯಾರೋ ತೂಗಿದ್ದು, ಯಾರ್ದೋ ಕೇಡು, ನನ್ನ ಮೊಮ್ಮಗನ ತಲೆಗಾ? ಚೆನ್ನಾಗದೆ ಕಣವ್ವಾ ನಿನ್ನ ಕೆಲಸ!" ಎಂದು ಎದ್ದುಹೋದಳು. ಇನ್ನೊಂದು ಮನೆಯವರು ಕಾಫಿ ಕೊಟ್ಟು ಮೃದುವಾಗಿಯೇ ಕೇಳಿದರು, "ತೊಟ್ಟಿಲು ಯಾವ ಬೀದೀದು?" ರೂಪಶ್ರೀ ಹೇಳಿದಳು. ಅವರು ಬರಿದಾದ ಲೋಟ ಎತ್ತಿಕೊಂಡು ಒಳಗೆ ಹೋದರು. ಕೇಡಿನ ಭಯವೇ ಒಂದು, ಬೀದಿಯ ಲೆಕ್ಕವೇ ಇನ್ನೊಂದು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲ ಕೂಸು ಸಿಕ್ಕಿದ್ದು ಕೊಪ್ಪದಲ್ಲಿ. ಸ್ವೆಟರ್ ಅಂಗಡಿಯ ಯಾಂಗ್ಚೆನ್, ಪಕ್ಕದ ಬೈಲಕುಪ್ಪೆಯ ಟಿಬೆಟಿನವರ ಹುಡುಗಿ, ಕನ್ನಡವನ್ನು ಇಲ್ಲಿಯವರ ಹಾಗೆಯೇ ಆಡುವಳು. ಕೌಂಟರಿನ ಮೇಲೆ ದುಂಡು ಕೆನ್ನೆಯ ಕೂಸನ್ನು ಕೂರಿಸಿಕೊಂಡು ರೂಪಶ್ರೀಯ ಮಾತನ್ನೆಲ್ಲ ಕೇಳಿದಳು.

"ನಮ್ಮಜ್ಜಿನೂ ಇಂಥವೇ ನೂರು ಹೇಳ್ತಿದ್ರು ಅಕ್ಕ. ಅವರಿದ್ದಿದ್ರೆ ಈಗಲೇ ಎದ್ದು ಹೊರಡು ಅಂತಿದ್ರು. ಭಾನುವಾರ ಗಿರಾಕಿ ಜಾಸ್ತಿ, ಬೆಳಿಗ್ಗೆ ಬೇಗ ಬಂದು ಹೋಗ್ತೀನಿ, ಆಗುತ್ತಾ?"

ರೂಪಶ್ರೀ ಅಲ್ಲೇ ಕಣ್ಣೊರೆಸಿಕೊಂಡಳು. ಬೇಕಿಲ್ಲದಿದ್ದರೂ ಒಂದು ಟೋಪಿ ಕೊಂಡುಕೊಂಡಳು.

ಆ ಭಾನುವಾರ ಮರಮ್ಮ ಬಸ್ಸಿನಲ್ಲಿ ಬಂದು ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಳು. ಬಂದದ್ದು ಅದೊಂದೇ ಕೂಸು. ರೂಪಶ್ರೀ ಅಳುಕುತ್ತಲೇ, "ಅವರು ಟಿಬೆಟಿನೋರು ಅಜ್ಜಿ. ಪರವಾಗಿಲ್ವಾ?" ಎಂದಳು.

"ಅತ್ತರೆ ಕೂಸು, ನಕ್ಕರೆ ಕೂಸು. ಅದಕ್ಯಾವ ಭಾಷೆ?" ಎಂದು ಮರಮ್ಮ ಹಗ್ಗಕ್ಕೆ ಕೈ ಹಾಕಿದಳು. ದುಂಡು ಕೆನ್ನೆಯ ಕೂಸು ನವಿಲಿನ ಕತ್ತು ಹಿಡಿದು ಚೀಪತೊಡಗಿತು. ಆ ಮುದುಕಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು.

ಯಾಂಗ್ಚೆನ್ ಫೋನಿನಲ್ಲಿ ತೆಗೆದ ಫೋಟೊ ಅವಳ ಗಿರಾಕಿಗಳಿಗೆಲ್ಲ ಹೋಯಿತು. ಮುಂದಿನ ವಾರ ಶುಂಠಿ ಬೆಳೆಯಲೆಂದು ಎಚ್.ಡಿ. ಕೋಟೆಗೆ ಬಂದು ನೆಲೆಸಿದ್ದ ಮಲಯಾಳಿ ರೈತನ ಹೆಂಡತಿ ಕೂಸಿನೊಡನೆ ಬಂದಳು. ಪಿರಿಯಾಪಟ್ಟಣದಲ್ಲಿ ಕೂಸನ್ನು ಅವುಚಿಕೊಂಡು ಒಳಹೋಗಿದ್ದವಳು ತನ್ನ ತಾಯಿಯನ್ನು ಜೊತೆಮಾಡಿಕೊಂಡು ಬಂದು, "ಅವತ್ತೆಲ್ಲ ಅದೇ ಯೋಚ್ನೆ ಅಕ್ಕ. ನಂಗೂ ಮೊದಲನೇದು ನಿಂತಿರಲಿಲ್ಲ" ಎಂದಳು. ಕೂಸು ಮಲಗಿರುವಾಗ ತಾಯಂದಿರು ಸುಮ್ಮನೆ ಕೂರುತ್ತಾರೆಯೇ? ಗೋಡೆಯ ಚಿತ್ರ ನೋಡುತ್ತ ಒಂದು ಸುತ್ತು ಬರುವರು. ಎತ್ತಿನ ಚಿತ್ರದ ಮುಂದೆ ನಿಂತು, "ಇದರ ಕೊಂಬು ಹಳ್ಳಿಕಾರ್ ಥರ ಅದೆ, ಮುಖ ನಮ್ಮ ಮಾವನ ಥರ ಅದೆ" ಎಂದು ನಗುವರು. ಯತೀಶ್ ದೂರ ನಿಂತು ಕೇಳುವನು, ನಡುವೆ ಬಾಯಿ ಹಾಕುತ್ತಿರಲಿಲ್ಲ.

ಮೂರನೆಯ ಭಾನುವಾರ ಹೊರಡುವಾಗ ಮರಮ್ಮ ಎಲೆಅಡಿಕೆ ಹಾಕಿಕೊಳ್ಳುತ್ತ ಕೇಳಿದಳು, "ನಿಮ್ಮನೇಲೂ ಒಂದು ಕೂಸದೆ ಅಂದಿದ್ರಲ್ಲ ಅವ್ವಾರೆ. ನಾಲ್ಕು ತಿಂಗಳದು."

ಅಷ್ಟೇ. ಬರಲಿ ಎನ್ನಲಿಲ್ಲ, ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ರೂಪಶ್ರೀ ಮನೆಗೆ ಬಂದವಳು ಊಟಕ್ಕೆ ಕೂರದೆ ಮಾತೆತ್ತಿದಳು. ಮಾಯಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು, ಕೈ ನಿಂತಿತು.

"ಚಿನ್ನೂನಾ? ಆ ಬೀದಿ ತೊಟ್ಟಿಲಿಗಾ? ಊರೋರು ಏನಂದಾರು?"

"ಊರೂರು ತಿರುಗಿ ಬೇರೆಯೋರ ಕೂಸು ಕೇಳ್ತಾ ಇವ್ನಿ ಅತ್ತೆ. ನಮ್ಮದನ್ನ ಮನೇಲಿ ಬಚ್ಚಿಟ್ಟು."

"ಬಚ್ಚಿಡೋಕೆ ಅದೇನು ಬೆಲ್ಲವಾ? ಕೂಸು ಕಣೇ! ಮೊದ್ಲೇ ಕೇಡಿನ ತೊಟ್ಟಿಲು, ಅದರ ಮೇಲೆ..." ಮಾಯಮ್ಮ ಮುಂದಿನದನ್ನು ನುಂಗಿದಳು.

"ಅದರ ಮೇಲೆ ಏನು, ಅದನ್ನೂ ಹೇಳ್ಬುಡಿ" ಎಂದಳು ರೂಪಶ್ರೀ. "ಅಲ್ಲಿ ಆ ಅಜ್ಜಿ ತಮ್ಮ ಬೀದಿ ಮಕ್ಕಳೆಲ್ಲ ಮಲಗಿದ್ದನ್ನ ನನ್ನ ಕೈಗೆ ಕೊಟ್ರು. ನಾನು ಏನು ಕೊಟ್ಟೆ? ಬೋರ್ಡು."

ಶಶಿಕುಮಾರ್ ತಟ್ಟೆಯಿಂದ ತಲೆಯೆತ್ತಲಿಲ್ಲ. ಸಾಗರ್ ಅಣ್ಣನ ಮುಖ ನೋಡಿದ. ಆಗ ಒಳಗಿನಿಂದ ಸಾಗರನ ಹೆಂಡತಿ ಹರ್ಷಿತ ಬಂದಳು, ಚಿನ್ನುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ. ಮೆಲು ಮಾತಿನ ಹುಡುಗಿ.

"ಚಿನ್ನೂನ ಹೆತ್ತೋಳು ನಾನಲ್ವಾ ಅಕ್ಕ? ನನ್ನನ್ನ ಯಾರೂ ಕೇಳ್ಳೇ ಇಲ್ಲ."

ಅವಳು ಚಿನ್ನುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಆ ಹುಡುಗಿ ಹೊಟ್ಟೆ ಮೇಲೆ ಕೈ ಮಡಿಕ್ಕಂಡು ಕುಂತದೆ ಅಂದ್ರಲ್ಲ, ನಾನೂ ಅಂಗೇ ಕುಂತಿದ್ದೆ, ಒಂಬತ್ತು ತಿಂಗಳೂ. ನಾನು ಕರ್ಕೊಂಡೋಗ್ತೀನಿ. ನಾಲ್ಕು ತಿಂಗಳಿಂದ ಈ ಗೋಡೆ ನೋಡಿ ನೋಡಿ ಸಾಕಾಗದೆ, ಹುಣಸೂರಿನ ಗೋಡೇನಾದ್ರೂ ನೋಡ್ತೀನಿ."

ಮಾಯಮ್ಮ ಜರಡಿಯನ್ನು ದಡದಡನೆ ಆಡಿಸಿದಳು. ಹಿಟ್ಟು ಮುಗಿದ ಮೇಲೂ ಆಡಿಸುತ್ತಲೇ ಇದ್ದಳು. ಎರಡು ದಿನ ಇಬ್ಬರು ಸೊಸೆಯರೊಡನೆಯೂ ಮಾತಿಲ್ಲ. ಭಾನುವಾರ ಬೆಳಿಗ್ಗೆ ಶಶಿಕುಮಾರ್ ಗಾಡಿ ತೆಗೆದಾಗ ಮಾಯಮ್ಮ ಒಗೆದ ಸೀರೆಯುಟ್ಟು, ಚಿನ್ನುವಿನ ಬಟ್ಟೆಯ ಗಂಟು ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತಳು.

"ನೀವೆಲ್ಲಿಗೆ ಅತ್ತೆ?"

"ನೀವು ನೀವೇ ಹೋಗಿ ಕೂಸನ್ನ ಎಂಗೆಂಗೋ ಮಲಗ್ಸಿ ಕತ್ತು ಉಳುಕಿಸ್ಕೊಂಡು ಬರೋಕಾ? ನಡೀ ನಡೀ."

ಚಿತ್ರದ ಮನೆಯಲ್ಲಿ ಅಂದು ಮರಮ್ಮನ ಜೊತೆ ಗೌತಮಿಯೂ ಬಂದಿದ್ದಳು, ದಿನ ತುಂಬಿದ ಹೊಟ್ಟೆ ಹೊತ್ತು, ಕಂಬಕ್ಕೆ ಒರಗಿ. ಮಾಯಮ್ಮ ಬಾಗಿಲಲ್ಲೇ ನಿಂತಳು. ಮರಮ್ಮ ಎದ್ದು ನಿಂತಳು, ಆದರೆ ಮುಂದೆ ಬರಲಿಲ್ಲ. ಹರ್ಷಿತ ಕೂಸನ್ನು ಚಾಚಿದರೂ ಮುದುಕಿ ಕೈ ನೀಡದೆ, "ನೀವೇ ಮಲಗ್ಸಿ ಅವ್ವಾ" ಎಂದಳು. ಆ ಹಿಂಜರಿಕೆ ಎಲ್ಲಿಂದ ಬಂದದ್ದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು.

ಚಿನ್ನು ತೊಟ್ಟಿಲಿಗೆ ಬೆನ್ನು ತಾಗಿದ್ದೇ ತಡ, ಮಿಲ್ಲಿನ ಹೆಂಚು ಹಾರುವ ಹಾಗೆ ಅರಚಿದ. ಹರ್ಷಿತ ತೂಗಿದಳು, ನಿಲ್ಲಲಿಲ್ಲ. ರೂಪಶ್ರೀ ಗಿಲಕಿ ಆಡಿಸಿದಳು, ನಿಲ್ಲಲಿಲ್ಲ. ಮರಮ್ಮ ನಿಂತಲ್ಲಿಂದಲೇ ಸಣ್ಣಗೆ ಜೋಗುಳ ಎತ್ತಿದಳು. ಅವಳ ದನಿಗೆ ಅಳು ಒಂದು ಗಳಿಗೆ ತಡೆಯಿತು, ಮತ್ತೆ ಏರಿತು.

"ಅಂಗೆ ಎಳೀಬ್ಯಾಡ ರಾಗಾನ, ಕೂಸು ಬೆದರ್ತದೆ" ಎಂದಳು ಮಾಯಮ್ಮ ಬಾಗಿಲಿನಿಂದ.

"ಎಳೀದೆ ಎಂಗೆ ಹಾಡಾರು? ಎಂಟು ಹೆತ್ತು ತೂಗಿವ್ನಿ ನಾನು" ಎಂದಳು ಮರಮ್ಮ.

"ನಾನೇನು ಕುಂಬಳಕಾಯಿ ತೂಗಿದ್ನಾ?" ಎನ್ನುತ್ತ ಮಾಯಮ್ಮ ಬಂದೇಬಿಟ್ಟಳು. "ಸರಿ ಆಚೆ. ತಲೆ ಆ ಕಡೆಗೆ ಇರಬೇಕು, ದೀಪ ಕಣ್ಣಿಗೆ ಒಡೀತಾ ಅದೆ."

"ಮೊದ್ಲು ಆ ಬಟ್ಟೆ ಸಡಿಲ ಮಾಡಿ. ಬಿಗಿದು ಕಟ್ಟವ್ರೆ, ಹೊಗೆಸೊಪ್ಪಿನ ಬೇಲ್ ಇದ್ದಂಗದೆ."

"ಬಿಗಿಯಾಗಿದ್ರೇನೇ ನಿದ್ದೆ ಬರೋದು!"

"ಬಂತಾ?"

ಮರಮ್ಮ ಬಗ್ಗಿ ಚಿನ್ನುವಿನ ಬಟ್ಟೆ ಸಡಿಲಿಸಿದಳು, ಅಂಗಾಲು ಉಜ್ಜಿದಳು. ಮಾಯಮ್ಮ ತಡೆಯಲಿಲ್ಲ. ತಡೆಯಬೇಕೆಂಬುದು ಆ ಹೊತ್ತಿಗೆ ಅವಳಿಗೆ ನೆನಪಾಯಿತೋ ಇಲ್ಲವೋ. ಆ ಕಡೆಯ ಹಗ್ಗ ಇವಳು, ಈ ಕಡೆಯ ಹಗ್ಗ ಅವಳು ಹಿಡಿದು ತೂಗಿದರು. ಒಬ್ಬಳು ಬಿಟ್ಟ ಸಾಲನ್ನು ಇನ್ನೊಬ್ಬಳು ಬೇರೆ ಥರ ಹಾಡಿ ತಿದ್ದಿದಳು. ಅವಳು ತಿದ್ದಿದ್ದನ್ನು ಇವಳು ಮತ್ತೆ ಕೆಡಿಸಿದಳು. ಚಿನ್ನು ಇಬ್ಬರ ಜಗಳ ಕೇಳುತ್ತ ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ತೊಟ್ಟಿಲಿನ ತಳದಿಂದ ತೊಟ್ ತೊಟ್ ಎಂದು ನೀರು ಇಳಿಯಿತು. ಯತೀಶನ ನುಣ್ಣನೆ ನೆಲದ ಮೇಲೆ ಸಣ್ಣ ಕೆರೆಯಾಯಿತು.

ಮರಮ್ಮ ಅದನ್ನು ನೋಡಿದಳು. ಕೈಯನ್ನು ಎದೆಯ ಮೇಲಿಟ್ಟುಕೊಂಡು ನಿಧಾನಕ್ಕೆ ಉಸಿರು ಬಿಟ್ಟಳು. "ಸಾಕು ಬುಡು ಮಗ" ಎಂದಳು ರೂಪಶ್ರೀಗೆ. ಅವ್ವಾರೆ ಎನ್ನಲಿಲ್ಲ. "ತೊಟ್ಟಿಲಿನ ಹೊಟ್ಟೆ ತುಂಬ್ತು."

ಕಂಬಕ್ಕೆ ಒರಗಿದ್ದ ಗೌತಮಿ ನಗಲು ಹೋಗಿ ಅತ್ತಳು. ಹರ್ಷಿತ ಅವಳ ಪಕ್ಕ ಕೂತು, ತಮಗಿಬ್ಬರಿಗೇ ಕೇಳುವ ಹಾಗೆ ಏನೋ ಮಾತಾಡತೊಡಗಿದಳು. ಯತೀಶ್ ತಾನೇ ಬಟ್ಟೆ ತಂದು ನೆಲ ಒರೆಸಿದ.

ಮುಂದಿನ ದಿನಗಳು ರೂಪಶ್ರೀಗೆ ಮುಳ್ಳಿನ ಮೇಲೆ ಕೂತ ಹಾಗಿದ್ದವು. ಮರಮ್ಮನ ಎದೆ ಸಾಕು ಅಂದಿತ್ತು, ಇವಳ ಎದೆ ಅನ್ನಲಿಲ್ಲ. ಫೋನು ಸದ್ದು ಮಾಡಿದರೆ ಬೆಚ್ಚುವಳು. ಒಂದು ಮಧ್ಯಾಹ್ನ ಅವಳು ಶಾಲೆ ಮಕ್ಕಳಿಗೆ ಚಿತ್ರ ತೋರಿಸುತ್ತಿರುವಾಗ ಫೋನು ಬಂತು. ಎಚ್.ಡಿ. ಕೋಟೆ ಆಸ್ಪತ್ರೆಯಿಂದ ಮರಮ್ಮ, ಎಂದಿಗಿಂತ ಜೋರು ದನಿ.

"ಹೆಣ್ಣು ಕೂಸು ಕಣವ್ವೋ! ಕೇಳುಸ್ಕೊ!"

ಫೋನಿನೊಳಗಿಂದ ಬಂದ ಅಳು ಚಿತ್ರದ ಮನೆಯ ಈ ಗೋಡೆಯಿಂದ ಆ ಗೋಡೆಗೆ ಕೇಳಿಸಿತು. ರೂಪಶ್ರೀ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಕ್ಕಳು ಏನೆಂದು ಗೊತ್ತಿಲ್ಲದೆಯೇ ಚಪ್ಪಾಳೆ ತಟ್ಟಿದವು.

ತೊಟ್ಟಿಲು ಒಯ್ಯಲು ಮರಮ್ಮ ತಾನೇ ಬಂದಳು. ಹರ್ಷಿತ ಚಿನ್ನುವಿಗೆ ಚಿಕ್ಕದಾದ ಅಂಗಿಗಳನ್ನು ಒಗೆದು ತೊಟ್ಟಿಲೊಳಗೆ ಇಟ್ಟಳು. ಗಟ್ಟಿಯಾಗಿ ಬೆಳೆದ ಕೂಸಿನ ಬಟ್ಟೆ ಹೊಸ ಕೂಸಿಗೆ ಒಳ್ಳೆಯದು. ಮಾಯಮ್ಮ ಮನೆಯಲ್ಲೇ ಉಳಿದಳು, ಬಾಣಂತಿಗೆಂದು ಬೆಳ್ಳುಳ್ಳಿ, ಮೆಣಸು, ಕೊಬ್ಬರಿಯ ಗಂಟು ಕೊಟ್ಟು ಕಳಿಸಿದಳು. "ನಾನು ಕೊಟ್ಟೆ ಅನ್ನು" ಎಂದಿದ್ದಳು. ನಾಮಕರಣದ ಊಟಕ್ಕೆ ಬರುತ್ತೀರಾ ಎಂದು ರೂಪಶ್ರೀ ಕೇಳಿದ್ದಕ್ಕೆ, "ನೋಡಾನ" ಎಂದಳು. ಇಲ್ಲ ಎನ್ನಲಿಲ್ಲ.

ಗಾಡಿಗೆ ಹಗ್ಗ ಬಿಗಿದ ಮೇಲೂ ಮರಮ್ಮ ಹತ್ತಲಿಲ್ಲ. ಯತೀಶನ ಮುಂದೆ ಬಂದು ನಿಂತಳು.

"ಬುದ್ಧಿ, ನಮ್ಮ ತೊಟ್ಟಿಲು ನಿಮ್ಮನೆಗೆ ಬಂತು. ಈಗ ನಿಮ್ಮನೇದು ಏನಾದ್ರೂ ನಮ್ಮನೆಗೆ ಬರ್ಬೇಕಲ್ಲ. ನಂಟು ಅಂದ್ರೆ ಒಂದೇ ಕಡೆಗಾ?"

"ಏನು ಬೇಕು ಅಜ್ಜಿ?" ಎಂದ ಯತೀಶ್.

ಅವಳು ಅವನನ್ನು ಒಳಗೆ ಕರೆದೊಯ್ದು ಒಂದು ಚಿತ್ರದ ಮುಂದೆ ನಿಲ್ಲಿಸಿದಳು. ಮಧ್ಯಾಹ್ನದ ಬಿಸಿಲು, ಜಗಲಿಯ ಮೇಲೆ ಹೆಂಗಸೊಬ್ಬಳು ತೋಳನ್ನೇ ದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲಿ ಕೆಲಸ ಬಿದ್ದಿದೆ, ಅವಳಿಗೆ ಅದರ ಪರಿವೆಯಿಲ್ಲ.

"ಇವಳ್ನ ಕೊಡಿ. ಬಾಣಂತಿ ಕೋಣೆಗೆ. ನಮ್ಮ ಗೌತಮಿ ಕಣ್ಣು ಮುಚ್ಚೋದೇ ಇಲ್ಲ, ಕೂಸು ಉಸಿರಾಡ್ತದಾ ಅಂತ ನೋಡ್ತಾ ಕುಂತಿರ್ತಾಳೆ. ಇವಳ್ನ ನೋಡಿಯಾದ್ರೂ ಮಲಗ್ಲಿ."

ಯತೀಶ್ ಕೆನ್ನೆ ಕೆರೆದುಕೊಂಡ. ಒಲೆಯ ಹೊಗೆ, ಗೋಡೆಯ ತೇವ, ಗಾಜು, ದಾರಿಯ ಗುಂಡಿ ಎಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಅವನು ರೂಪಶ್ರೀಯನ್ನು ನೋಡಿದ. ರೂಪಶ್ರೀ ಚಿತ್ರದ ಕಡೆ ತಿರುಗಿದಳು. ಕೊಡುವವನಿಗೆ ಹೇಗಿರುತ್ತದೆಂದು ಅವನೇ ತಿಳಿಯಲಿ.

"ಒಂದು ಕಂಬಳಿ ತನ್ನಿ, ಸುತ್ತಬೇಕು" ಎಂದ ಕೊನೆಗೆ.

ನಾಮಕರಣದ ದಿನ ಅಂತರಸಂತೆಯ ಆ ಬೀದಿಗೆ ಕೊಪ್ಪದಿಂದ ಯಾಂಗ್ಚೆನ್ ಬಂದಳು, ಪಿರಿಯಾಪಟ್ಟಣದವಳು ಬಂದಳು, ಹರ್ಷಿತ ಚಿನ್ನುವನ್ನು ಎತ್ತಿಕೊಂಡು ಬಂದಳು. ರೂಪಶ್ರೀ ಸರಿಯಾಗಿ ಎರಡು ಸಲ ಬಡಿಸಿಕೊಂಡು ಉಂಡಳು. ಬೀದಿಯ ಜನ ಬಾಣಂತಿ ಕೋಣೆಯ ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ಇಣುಕುತ್ತಿದ್ದರು, ಚಿತ್ರ ನೋಡಲು. ಕೂಸು ಉಂಡು ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡು ಆಡುತ್ತಿತ್ತು. ಗೌತಮಿ ಚಿತ್ರವಿದ್ದ ಗೋಡೆಯ ಕಡೆ ತಿರುಗಿ, ಅದರೊಳಗಿನವಳ ಹಾಗೆಯೇ ತೋಳ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದಳು, ಬಾಯಿ ಸ್ವಲ್ಪ ತೆರೆದು.

ನೆರೆಮನೆಯ ತಿಮ್ಮಮ್ಮ ಒಳಗೆ ಇಣುಕಿದವಳು ತಕ್ಷಣ ಹಿಂದೆ ತಿರುಗಿ, ಗಲಾಟೆ ಮಾಡುತ್ತಿದ್ದ ಐಕ್ಳಿಗೆ ಬೆರಳು ತೋರಿಸಿದಳು.

"ಶ್! ಸದ್ದು ಮಾಡ್ಬ್ಯಾಡ್ರೋ. ಇಬ್ರೂ ಮಲಗವ್ರೆ."